ಹೊಸಿಲು ದಾಟಬಾರದ ನೀಲಿ ತಟ್ಟೆಗಳು

ನಮ್ಮ ಮನೆಯಲ್ಲಿ ಪಿಂಗಾಣಿಗೆ ಗೊತ್ತುಮಾಡಿದ್ದ ಜಾಗ ಹೊರಕೋಣೆ. ಜಗಲಿ ಹತ್ತಿದರೆ ಬಲಕ್ಕೆ, ಬಿತ್ತನೆ ರಾಗಿ, ಹಗ್ಗದ ಸುರುಳಿ, ಮುರಿದ ಕುಂಟೆಗಳನ್ನೆಲ್ಲ ತುಂಬಿಟ್ಟಿದ್ದ ಕಿರಿದಾದ ಕೋಣೆ ಅದು. ಎದುರಿಗೆ ಹೊಸಿಲು. ಹೊಸಿಲಿನಾಚೆ ನಡುಮನೆ, ಅದರ ಹಿಂದೆ ಅಡುಗೆಮನೆ, ಅಡುಗೆಮನೆಯ ಗೋಡೆಗೆ ಒತ್ತಿಕೊಂಡಂತೆ ಅಜ್ಜಿ ದಿನಕ್ಕೆರಡು ಹೊತ್ತು ಲಿಂಗಪೂಜೆಗೆ ಕೂರುತ್ತಿದ್ದ ಮೂಲೆ. ಆ ಹೊಸಿಲನ್ನು ನಾಯಿ ದಾಟುತ್ತಿರಲಿಲ್ಲ, ಚಪ್ಪಲಿ ದಾಟುತ್ತಿರಲಿಲ್ಲ, ನಮ್ಮ ಹೊಲದಲ್ಲಿ ದುಡಿಯಲು ಬರುತ್ತಿದ್ದ ಕೆಲವರೂ ದಾಟುತ್ತಿರಲಿಲ್ಲ. ಕೊನೆಯದು ಬೇರೆಯೇ ಒಂದು ತಪ್ಪು. ಅದನ್ನು ಇಲ್ಲಿ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಿರುವುದೂ ತಪ್ಪೇ ಎಂದು ಗೊತ್ತಿದೆ. ಗೌರತ್ತೆಯ ಇಂಗ್ಲಿಷ್ ತಟ್ಟೆಗಳೂ ದಾಟುತ್ತಿರಲಿಲ್ಲ. ಲಿಂಗ ಕಟ್ಟಿದ ಮನೆ ನಮ್ಮದು, ಮೊಟ್ಟೆಯ ಹೆಸರನ್ನೂ ಊಟದ ಹೊತ್ತಿನಲ್ಲಿ ಎತ್ತುವಂತಿರಲಿಲ್ಲ. ತಟ್ಟೆಗಳ ವಿಷಯದಲ್ಲಿ ಅಜ್ಜಿ ಹೇಳುತ್ತಿದ್ದ ಕಾರಣ ಯಾವಾಗಲೂ ಒಂದೇ:

"ಆ ಬಿಳುಪು ಎಲ್ಲಿಂದ ಬತ್ತದೆ ಅಂದ್ಕಂಡಿದ್ದೀಯೆ? ದನದ ಮೂಳೆ ಸುಟ್ಟು ಪುಡಿ ಮಾಡಿ ಬೆರೆಸ್ತಾರೆ. ಅದ್ರಲ್ಲಿ ಉಂಡ್ರೆ ಮೂಳೆ ನೆಕ್ದಂಗೆ ಕಣವ್ವ."

ನಾನು ಒಂಬತ್ತು ವರ್ಷದವಳಿದ್ದಾಗ ಆಡಿದ ಒಂದು ಮಾತಿನಿಂದ, ಅಪ್ಪನ ತಂಗಿ ಗೌರತ್ತೆ ಆ ಮನೆ ಬಿಟ್ಟು ಹೋದಳು. ಆ ಮಾತನ್ನು ಆಡಿದವಳು ನನ್ನ ಅವ್ವ ಎಂದು ಅವಳು ನಂಬಿದಳು. ನಾನು ತಿದ್ದಲಿಲ್ಲ. ಅವ್ವ ಬದುಕಿರುವವರೆಗೂ ತಿದ್ದಲಿಲ್ಲ, ಅವಳು ಹೋಗಿ ಹನ್ನೊಂದು ವರ್ಷವಾದರೂ ತಿದ್ದಲಿಲ್ಲ. ನಾನು ದಿನಚರಿ ಬರೆಯಲು ಶುರುಮಾಡಿದ್ದು ಹದಿನಾಲ್ಕನೆಯ ವಯಸ್ಸಿನಲ್ಲಿ, ಹಾಗಾಗಿ ಆ ದಿನಗಳಿಗೆ ಬರವಣಿಗೆಯ ಸಾಕ್ಷಿ ಇಲ್ಲ. ಹತ್ತೊಂಬತ್ತನೆಯ ವಯಸ್ಸಿನ ಒಂದು ನೋಟುಬುಕ್ಕಿನಲ್ಲಿ ಮಾತ್ರ "ತಟ್ಟೆಯ ವಿಷಯ ಅಜ್ಜಿಗೆ ಗೊತ್ತಾಯಿತು" ಎಂದಿದೆ. ಯಾರಿಂದ ಗೊತ್ತಾಯಿತು ಎಂಬುದನ್ನು ನನ್ನದೇ ಪುಸ್ತಕದಲ್ಲಿ, ಯಾರೂ ಓದದ ಪುಸ್ತಕದಲ್ಲಿ, ನಾನು ಬರೆದಿಲ್ಲ. ನೆನಪು ಮೋಸ ಮಾಡುತ್ತದೆ ಎಂದು ತರಗತಿಗಳಲ್ಲಿ ಮೂವತ್ತು ವರ್ಷ ಪಾಠ ಮಾಡಿದವಳು ನಾನು. ಈ ವಿಷಯದಲ್ಲಿ ಮೋಸ ಮಾಡಿದ್ದು ನೆನಪಲ್ಲ.

ಗೌರತ್ತೆಯ ಗಂಡ ಮೈಸೂರಿನ ಒಂದು ಹರಾಜು ಮಳಿಗೆಯಲ್ಲಿ ಗುಮಾಸ್ತರಾಗಿದ್ದರು. ದೊರೆಗಳು ಬಿಟ್ಟುಹೋದ ಬಂಗಲೆಗಳ ಸಾಮಾನೆಲ್ಲ ಅಲ್ಲಿಗೆ ಬರುತ್ತಿತ್ತಂತೆ. ಇಡೀ ಸೆಟ್ಟು ಬೇಗ ಬಿಕರಿಯಾಗುತ್ತಿತ್ತು. ಜೊತೆ ತಪ್ಪಿದ ಒಂಟಿ ತಟ್ಟೆಗಳನ್ನು ಕೇಳುವವರಿರಲಿಲ್ಲ. ಅಂಥವನ್ನು ಮಾವ ಒಂದೊಂದಾಗಿ ಮನೆಗೆ ತರುತ್ತಿದ್ದರು. ಮದುವೆಯಾದ ನಾಲ್ಕು ವರ್ಷಕ್ಕೆ ವಿಷಮಶೀತ ಜ್ವರದಲ್ಲಿ ಅವರು ತೀರಿಕೊಂಡಾಗ ಅತ್ತೆ ತವರಿಗೆ, ಅಂದರೆ ಮೂಗೂರಿನ ದಾರಿಯಲ್ಲಿದ್ದ ನಮ್ಮೂರಿಗೆ, ಒಂದು ತಗಡಿನ ಟ್ರಂಕಿನ ಜೊತೆ ಬಂದಳು. ಟ್ರಂಕಿನಲ್ಲಿ ಹುಲ್ಲು ಸುತ್ತಿದ ಹನ್ನೊಂದು ತಟ್ಟೆಗಳಿದ್ದವು. ಹಿತ್ತಾಳೆ ಕೊಳಗವೋ ಕಂಚಿನ ತಣಿಗೆಯೋ ತಂದಿರಬಹುದೆಂದು ಕಾದಿದ್ದ ಅಜ್ಜಿ ಹುಲ್ಲು ಸರಿಸಿ ನೋಡಿ, ಮಗಳನ್ನು ತಬ್ಬಿಕೊಂಡು ಅಳುವುದನ್ನು ಅರ್ಧಕ್ಕೆ ನಿಲ್ಲಿಸಿ, "ಇದ್ನ ಒಳೀಕೆ ತರ್ಬೇಡ" ಎಂದಳಂತೆ. ನನಗಾಗ ಐದು ವರ್ಷ; ಇದು ಅವ್ವ ಹೇಳಿ ನನಗೆ ಗೊತ್ತಿರುವುದು. ಆದರೂ ಆ ಹುಲ್ಲಿನ ವಾಸನೆ ನನಗೆ ನೆನಪಿದೆ ಎಂದು ಅನ್ನಿಸುತ್ತದೆ. ಇಂಥದನ್ನೇ ನಾನು ನಂಬಬಾರದು.

ನೆನಪೆಂದು ಖಚಿತವಾಗಿ ಹೇಳಬಲ್ಲದ್ದು ನರಸೀಪುರದ ಸಂತೆ. ಹಳೆ ಸೀರೆಗೆ ಪಾತ್ರೆ ಕೊಡುವ ಒಬ್ಬಳು ಅಲ್ಲಿ ಬಸ್ಸು ನಿಲ್ಲುವ ಕಡೆಯ ಹುಣಸೆಮರದ ಕೆಳಗೆ ಗಂಟು ಬಿಚ್ಚಿ ಕೂರುತ್ತಿದ್ದಳು. ಮೈಸೂರಿನ ದೊಡ್ಡ ಮನೆಗಳಲ್ಲಿ ಅಲ್ಯುಮಿನಿಯಂ ಕೊಟ್ಟು ಹಳೆಯದನ್ನೆಲ್ಲ ತರುತ್ತಿದ್ದುದರಿಂದ ಅವಳ ಗಂಟಿನ ತಳದಲ್ಲಿ ಯಾವಾಗಲಾದರೊಮ್ಮೆ ಒಂದು ನೀಲಿ ತಟ್ಟೆ ಇರುತ್ತಿತ್ತು. ಅತ್ತೆಯ ಹತ್ತಿರ ಇನ್ನು ಉಡುವಂತಿಲ್ಲದ ಬಣ್ಣದ ಸೀರೆಗಳಿದ್ದವು. ಐದಾರು ತಿಂಗಳಿಗೊಮ್ಮೆ ಒಂದು ಸೀರೆಯನ್ನು ಚೀಲದಲ್ಲಿಟ್ಟುಕೊಂಡು, ನನ್ನ ಕೈ ಹಿಡಿದು, ಸಂತೆಗೆ ಹೋಗುತ್ತಿದ್ದಳು. ಕನಕಾಂಬರ ಬಣ್ಣದ ಸೀರೆ ಹೋದ ದಿನದ ಮಾತು ಇಂದಿಗೂ ಕಿವಿಯಲ್ಲಿದೆ:

"ಇಂಥಾ ಸೀರೆಗೆ ದೊಡ್ಡ ಕೊಳಗ ಕೊಡ್ತೀನಿ ಕಣವ್ವ. ಈ ಬಿರುಕು ತಟ್ಟೆ ಯಾಕೆ?"

"ಕೊಳಗ ನಮ್ಮನೇಲಿ ಅವೆ. ತಟ್ಟೆ ಕೊಡು."

"ಉಣ್ಣಕ್ಕಾ?"

"ನೋಡಕ್ಕೆ."

"ನೋಡಿದ್ರೆ ಒಟ್ಟೆ ತುಂಬ್ತದಾ ತಾಯಿ?"

"ಸೀರೆ ನಿಂಗೆ ಬಂತಲ್ಲ. ನನ್ನೊಟ್ಟೆ ಇಚಾರ ನಿಂಗ್ಯಾಕೆ?"

ವಾಪಸ್ಸು ಬರುವಾಗ ಬಸ್ಸಿನಲ್ಲಿ ತಟ್ಟೆ ನನ್ನ ತೊಡೆಯ ಮೇಲಿರುತ್ತಿತ್ತು. ತಟ್ಟೆ ನೋಡುವುದನ್ನು ಅವಳು ನನಗೆ ಕಲಿಸಿದ್ದು ಹಾಗೆ. ಈ ಚಿತ್ರ ಕುಂಚದಲ್ಲಿ ಬರೆದದ್ದಲ್ಲ. ತಾಮ್ರದ ಹಲಗೆಯಲ್ಲಿ ಕೊರೆದು, ಬಣ್ಣ ತುಂಬಿ, ತೆಳು ಕಾಗದಕ್ಕೆ ಒತ್ತಿ, ಆ ಕಾಗದವನ್ನು ಮಣ್ಣಿನ ತಟ್ಟೆಗೆ ಅಂಟಿಸಿ ತೊಳೆದರೆ ಕಾಗದ ಹೋಗಿ ಚಿತ್ರ ಉಳಿಯುತ್ತದೆ ಎಂದು ಮಾವ ಅವಳಿಗೆ ಹೇಳಿದ್ದರಂತೆ. "ಅಂಚು ಕೂಡೋ ಕಡೆ ನೋಡು ಮಗ" ಎನ್ನುತ್ತಿದ್ದಳು. ಅಂಚಿನ ಬಳ್ಳಿ ಸುತ್ತು ಬಂದು ತನ್ನನ್ನೇ ಸೇರಬೇಕಾದ ಜಾಗದಲ್ಲಿ ಎಲೆ ಅರ್ಧಕ್ಕೆ ಕತ್ತರಿಸಿ, ಹೂವು ಹೂವಿನ ಮೇಲೆ ಹತ್ತಿ ಕೂತಿರುತ್ತಿತ್ತು. "ಅಲ್ಲಿ ಎಡವಟ್ಟು ಇದ್ರೆ ಯಾರೋ ಒಬ್ಳು ಕೈಯಲ್ಲಿ ಅಂಟ್ಸವ್ಳೆ ಅಂತ. ಸರಿಯಾಗಿದ್ರೆ ಬಿಟ್ಬುಡು." ತಟ್ಟೆಯ ಹಿಂಬದಿಯಲ್ಲಿ ಸುಡುವ ಗೂಡಿಗಿಟ್ಟಾಗ ಆದ ಮೂರು ಚುಕ್ಕೆಯ ಗಾಯ, ಬೆರಳ ಗೆಣ್ಣಿನಿಂದ ತಟ್ಟಿದರೆ ಬರುವ ಮಂಕು ಸದ್ದು, ಮೆರುಗಿನೊಳಗಿನ ಕೂದಲೆಳೆ ಬಿರುಕು, ಇವನ್ನು ನಾನು ಕನ್ನಡದ ಕಾಗುಣಿತದ ಜೊತೆಜೊತೆಗೇ ಕಲಿತೆ.

ಗಂಡ ಹೋದವಳೆಂದು ಆರತಿಗೂ ಅರಿಸಿನ ಕುಂಕುಮಕ್ಕೂ ಅತ್ತೆಯನ್ನು ಮುಂದೆ ಬಿಡದ ನಮ್ಮ ಮನೆ ಅಡುಗೆಯನ್ನು ಮಾತ್ರ ಅವಳ ಕೈಗೆ ಕೊಟ್ಟಿತ್ತು. ಬೆಳಗಿನ ಜಾವವೇ ಮಿಂದು, ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸಿ ಅವಳು ಒಲೆ ಹಚ್ಚಿದರೆ ಅಜ್ಜಿಯ ನೈವೇದ್ಯದಿಂದ ಹೊಲಕ್ಕೆ ಹೋಗುವ ಬುತ್ತಿಯವರೆಗೆ ಎಲ್ಲವೂ ಅವಳದೇ. ತಿಂಗಳಲ್ಲಿ ಮೂರು ದಿನ ಮಾತ್ರ ಆ ಜಾಗ ಅವ್ವನಿಗೆ. ಸೊಸೆಯಾಗಿ ಬಂದು ಹತ್ತು ವರ್ಷವಾಗಿದ್ದರೂ ಅವ್ವ ಕಸ ಮುಸುರೆ ಕೊಟ್ಟಿಗೆಗಳಲ್ಲೇ ಇದ್ದಳು. ಅವಳಿಗೆ ಇದರಿಂದ ನೋವಾಗುತ್ತಿತ್ತೇ? ಆಗ ನನಗೆ ಆಗುತ್ತಿತ್ತು. ಅಜ್ಜಿ ಸಾರನ್ನು ಬಾಯಿಗಿಟ್ಟು ಮುಖ ಹಿಂಡಿದಾಗಲೆಲ್ಲ ಅವ್ವನ ಬದಲು ನಾನು ತಲೆ ತಗ್ಗಿಸುತ್ತಿದ್ದೆ.

ಮಧ್ಯಾಹ್ನ ಅಪ್ಪ ಹೊಲದಲ್ಲಿ, ಅವ್ವ ನಾಲೆಯಲ್ಲಿ ಬಟ್ಟೆ ಒಗೆಯಲು, ಅಜ್ಜಿ ನಡುಮನೆಯ ಚಾಪೆಯಲ್ಲಿ ನಿದ್ದೆ. ಆ ಹೊತ್ತಿಗೆ ಗೌರತ್ತೆ ಒಂದು ಬಟ್ಟಲಲ್ಲಿ ಮೊಸರನ್ನ ಕಲೆಸಿಕೊಂಡು ಹೊರಕೋಣೆಗೆ ಬರುತ್ತಿದ್ದಳು. ಬಾಗಿಲನ್ನು ಮುಕ್ಕಾಲು ಮುಚ್ಚಿ, ಟ್ರಂಕು ತೆಗೆದು, ಎರಡು ತಟ್ಟೆ ಇಳಿಸುತ್ತಿದ್ದಳು. ಅವಳದರಲ್ಲಿ ಸೇತುವೆ ಮತ್ತು ಬಾಗಿದ ಮರ. ನನ್ನದರಲ್ಲಿ ಹೊಳೆಗಿಳಿದು ನೀರು ಕುಡಿಯುತ್ತಿದ್ದ ಮೂರು ಹಸುಗಳು, ಆಚೆ ದಡದಲ್ಲಿ ಒಂದು ಪಾಳು ಗೋಪುರ. ನಮ್ಮ ಸಂಗಮದಲ್ಲಿ ಸಂಜೆ ನೀರಿಗಿಳಿಯುವ ದನಗಳನ್ನು ಯಾವನೋ ದೊರೆ ಕಂಡು ಬರೆದಿದ್ದಾನೆ ಎಂದೇ ನಾನು ನಂಬಿದ್ದೆ. ಉಣ್ಣುತ್ತ ಹೋದಂತೆ ಅನ್ನದ ಕೆಳಗಿನಿಂದ ಮೊದಲು ಗೋಪುರದ ತುದಿ, ಆಮೇಲೆ ಹಸುವಿನ ಕೊಂಬು, ಕೊನೆಗೆ ನೀರು ಬರುತ್ತಿತ್ತು. ಹಸಿವಿಲ್ಲದಿದ್ದರೂ ಆ ನೀರು ಕಾಣುವವರೆಗೆ ಉಣ್ಣುತ್ತಿದ್ದೆ. ಒಮ್ಮೆ ಕೇಳಿದೆ, ಅಜ್ಜಿ ಹೇಳುವ ಮೂಳೆ ಇದರಲ್ಲಿ ಇದೆಯಾ ಎಂದು.

"ಇದ್ರೆ ಇರ್ಲಿ ಬುಡು. ನಿಮ್ ಮಾವ ಇದ್ದಾಗ ನಾವಿಬ್ರೂ ಇದ್ರಲ್ಲೇ ಉಣ್ತಿದ್ದೋ. ಒಂದೊಂದ್ಸಲ ಒಂದ್ರಲ್ಲೇ." ಆಮೇಲೆ ನನ್ನ ಮೂಗು ಹಿಡಿದು ಅಲ್ಲಾಡಿಸಿ, "ಯಾರ್ ತಾವೂ ಬಾಯ್ ಬುಡ್ಬೇಡ. ಆಯ್ತಾ?"

ಆಯ್ತು ಎಂದೆ. ತಟ್ಟೆ ತೊಳೆದು ಒರೆಸಿ, ಕೈಕಾಲು ಮುಖ ತೊಳೆದು, ಹೊಸದಾಗಿ ವಿಭೂತಿ ಹಚ್ಚಿಕೊಂಡು ಅವಳು ಸಂಜೆಯ ಒಲೆಗೆ ಹೋಗುತ್ತಿದ್ದಳು.

ನಾನು ಬಾಯಿಬಿಟ್ಟ ದಿನ ಅತ್ತೆ ಅಡುಗೆಮನೆಗೆ ಹೋಗುವಂತಿರದ ಆ ಮೂರು ದಿನಗಳಲ್ಲೊಂದು. ಮಧ್ಯಾಹ್ನದ ಉಪ್ಪೆಸರು ಅವ್ವನದು. ಊಟವಾದ ಮೇಲೆ ಅಜ್ಜಿ ನನ್ನನ್ನು ಜಗಲಿಯ ಮೆಟ್ಟಿಲಲ್ಲಿ ಕೂರಿಸಿಕೊಂಡು ತಲೆಗೆ ಹರಳೆಣ್ಣೆ ತಿಕ್ಕುತ್ತಿದ್ದಳು. ಅವ್ವ ಅಂಗಳದಲ್ಲಿ ಹಗೇವಿನಿಂದ ತೆಗೆದ ರಾಗಿ ಕೇರುತ್ತಿದ್ದಳು.

"ನಾಲಿಗೆಗೆ ಇಡ್ತಿದ್ದಂಗೇ ಗೊತ್ತಾಯ್ತು ನಿಮ್ಮವ್ವಂದು ಅಂತ. ನನ್ ಮಗಳ್ ಕೈಲಿ ಉಂಡ್ರೆ ಪ್ರಸಾದ ಉಂಡಂಗೆ. ಇವ್ಳದು ಉಪ್ಪಿದ್ರೆ ಕಾರ ಇಲ್ಲ, ಎಲ್ಡೂ ಇದ್ರೆ ಮನಸಿಲ್ಲ."

ಮೊರದ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ನಾನು ಹೇಳಿಬಿಟ್ಟೆ:

"ಗೌರತ್ತೆ ದಿನಾ ಪಿಂಗಾಣಿ ತಟ್ಟೇಲಿ ಉಣ್ತಾಳೆ."

ತಲೆಯ ಮೇಲಿನ ಕೈ ನಿಂತಿತು. ಅಜ್ಜಿ ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿದಳು. ದನಿ ಮಾತ್ರ ಬಹಳ ಮೆಲ್ಲಗಿತ್ತು.

"ಯಾರೆ ಏಳಿದ್ದು ನಿಂಗೆ?"

"ನಾನೇ ನೋಡಿದ್ದೀನಿ."

"ನೀನೂ ಉಂಡ್ಯಾ?"

"ಇಲ್ಲ."

"ಸರಿ. ನೀ ಏಳ್ದೆ ಅಂತ ನಾನ್ ಯಾರ್ಗೂ ಏಳಲ್ಲ. ಲಿಂಗದ ಮೇಲಾಣೆ."

ಅವ್ವನ ಮೇಲಿನ ಪ್ರೀತಿಯಿಂದ ಹೇಳಿದೆ ಎಂದು ಬಹಳ ವರ್ಷ ಅಂದುಕೊಂಡಿದ್ದೆ. ಅದು ಅರ್ಧ ನಿಜ. ಇನ್ನೊಂದು ಅರ್ಧ, ಆ ಹೊತ್ತಿನಲ್ಲಿ ನನ್ನ ಬಾಯಲ್ಲಿದ್ದ ರುಚಿ. ಮನೆಯ ದೊಡ್ಡ ಹೆಂಗಸರಲ್ಲಿ ಒಬ್ಬಳನ್ನು ಕೆಳಗಿಳಿಸುವ ಶಕ್ತಿ ನನ್ನ ಹತ್ತಿರ ಇದೆ ಎಂದು ಗೊತ್ತಾದ ರುಚಿ ಅದು. "ಇಲ್ಲ" ಎಂದದ್ದಕ್ಕಂತೂ ಯಾವ ಪ್ರೀತಿಯ ನೆಪವೂ ಇಲ್ಲ. ಉಂಡೆ ಎಂದಿದ್ದರೆ, ಮೊಮ್ಮಗಳೂ ಕೆಟ್ಟಳಲ್ಲ ಎಂದು ಅಜ್ಜಿ ವಿಷಯವನ್ನು ನುಂಗಿಕೊಂಡು ಸುಮ್ಮನಾಗುತ್ತಿದ್ದಳೇನೋ.

ಮರುದಿನ ಅಜ್ಜಿ ನೀರು ಮುಟ್ಟಲಿಲ್ಲ. ಅದರ ಮರುದಿನ ಊರಿನ ಅಯ್ಯನವರು ಬಂದು ಪಾದೋದಕ ಚಿಮುಕಿಸಿದರು. ಹಿತ್ತಾಳೆ ತಾಮ್ರ ಹುಣಸೆಹುಳಿಗೆ ಹೋದವು. ಸಾರಿನ ಮಡಕೆ, ಮೊಸರಿನ ಗಡಿಗೆ, ಉಪ್ಪಿನ ಚಟ್ಟಿ, ಮಣ್ಣಿನದೆಲ್ಲ ತಿಪ್ಪೆಗೆ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ತಾನು ನಾಲ್ಕು ವರ್ಷ ಪಳಗಿಸಿದ ಆ ಮಡಕೆಗಳು ಒಂದೊಂದಾಗಿ ಹೊರಗೆ ಹೋಗುವುದನ್ನು ನೋಡಿದಳು.

"ಯಾರವ್ವ ಏಳಿದ್ದು ನಿಂಗೆ?" ಎಂದು ಅಜ್ಜಿಯನ್ನು ಕೇಳಿದಳು.

"ಯಾರ್ ಏಳಿದ್ರೇನು? ಸುಳ್ಳಾ?"

"ಸುಳ್ಳಲ್ಲ. ಯಾರು ಅಂತ ಕೇಳ್ದೆ."

ಅಜ್ಜಿ ಆಣೆ ಉಳಿಸಿಕೊಂಡಳು. ಅತ್ತೆ ಅವ್ವನ ಕಡೆ ತಿರುಗಿದಳು. ಅವ್ವನ ಹಿಂದೆ, ಅವಳ ಸೆರಗು ಹಿಡಿದುಕೊಂಡು, ನಾನು ನಿಂತಿದ್ದೆ.

"ಈಗ ಅದ್ಯಾಕೆ ಗೌರ," ಎಂದಳು ಅವ್ವ. "ಆದದ್ದಾಯ್ತು. ಬುಡು."

"ಅಡುಗೆಮನೆ ಬೇಕಿದ್ರೆ ಬಾಯ್ಬಿಟ್ಟು ಕೇಳ್ಬೋದಿತ್ತಲ್ಲ ಅತ್ತಿಗೆ. ಕೊಡ್ತಿದ್ದೆ. ನಂದೇನಿತ್ತು ಅದು?"

ಅವ್ವನ ಕೈ ಹಿಂದಕ್ಕೆ ಬಂದು ನನ್ನ ಹೆಗಲನ್ನು ಒತ್ತಿತು. ಸುಮ್ಮನಿರು ಎಂದು ಒತ್ತಿದಳೋ, ಹೇಳು ಎಂದು ಒತ್ತಿದಳೋ, ಬೀಳದಂತೆ ಆಸರೆ ಹಿಡಿದಳೋ ಗೊತ್ತಿಲ್ಲ. ಇಷ್ಟು ವರ್ಷಗಳಲ್ಲಿ ಆ ಒತ್ತಿಗೆ ನನಗೆ ಅನುಕೂಲವಾದ ಅರ್ಥವನ್ನೇ ಕೊಟ್ಟುಕೊಂಡು ಬಂದಿದ್ದೇನೆ.

ಅಪ್ಪ ಒಂದು ದಾರಿ ಹೇಳಿದರು. ತಟ್ಟೆಗಳನ್ನು ಹೊಳೆಗೆ ಹಾಕಿ, ಅಯ್ಯನವರ ಕೈಯಲ್ಲಿ ತೀರ್ಥ ತಗೊಂಡರೆ ತಿಂಗಳು ಬಿಟ್ಟು ಒಲೆಯ ಹತ್ತಿರ ಬರಬಹುದು ಎಂದು. "ಅವ್ರ ಜೊತೆ ಉಂಡ ತಟ್ಟೆ ಒಳೆಗೆ ಆಕಲ್ಲ ಅಣ್ಣ" ಎಂದಷ್ಟೇ ಹೇಳಿ ಅತ್ತೆ ಟ್ರಂಕಿಗೆ ಹೊಸ ಹುಲ್ಲು ತುಂಬಿದಳು. ಬಸ್ಸಿಗೆ ಹೊರಡುವ ಮೊದಲು ನನ್ನನ್ನು ಹೊರಕೋಣೆಗೆ ಕರೆದಳು. ಗೋಡೆಯ ಗೂಡಿನಲ್ಲಿ ಹಸುಗಳ ತಟ್ಟೆ ಇತ್ತು.

"ಇದು ನಿಂದು ಕಣೆ ಮಗ. ನಿಮ್ಮವ್ವನಿಗೆ ಮಾತ್ರ ತೋರಿಸ್ಬೇಡ."

ಅವಳು ನಂಜನಗೂಡಿಗೆ ಹೋದಳು. ಯಾರದೋ ಶಿಫಾರಸಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಸಿಕ್ಕಿತು. ನಮ್ಮ ಮನೆಯ ನಾಲ್ಕು ಬಾಯಿಗೆ ಆಗದ ಅವಳ ಅನ್ನವನ್ನು ಎಲ್ಲ ಜಾತಿಯ ಹುಡುಗಿಯರು ಮೂವತ್ತು ವರ್ಷ ಉಂಡು ಓದಿದರು. ನಮ್ಮ ಅಡುಗೆಮನೆ ಅವ್ವನದಾಯಿತು. ಅಜ್ಜಿ ಕೊನೆಯವರೆಗೂ ಸಾರಿನ ಮೊದಲ ತುತ್ತಿಗೆ ಮುಖ ಹಿಂಡಿದಳು. ಅತ್ತೆ ಅಪ್ಪನ ಜೊತೆ ಮಾತಾಡಿದಳು, ನನ್ನ ಮದುವೆಗೆ ಬಂದಳು, ಅಜ್ಜಿ ಹೋದಾಗ ಬಂದಳು. ಅವ್ವ ಎದುರಾದಾಗ ಮಾತ್ರ ಅವಳಾಚೆಗಿನ ಗೋಡೆಯನ್ನು ನೋಡಿದಳು. ಅವ್ವ ಪ್ರತಿಸಲವೂ "ಬಂದ್ಯಾ ಗೌರ?" ಎಂದು ಕೇಳುತ್ತಿದ್ದಳು. ಉತ್ತರಕ್ಕೆ ಕಾಯುತ್ತಿರಲಿಲ್ಲ.

ತಟ್ಟೆಯನ್ನು ನಾನು ಬಚ್ಚಿಟ್ಟಿದ್ದ ಜಾಗ ಅವ್ವನಿಗೆ ವಾರದೊಳಗೆ ಸಿಕ್ಕಿತು. ಅವಳು ಏನೂ ಕೇಳದೆ ಅದನ್ನು ರಾಗಿಯ ವಾಡೆಯೊಳಗೆ ಹುಗಿದಿಟ್ಟಳಂತೆ. ಅದು ನನಗೆ ಗೊತ್ತಾದದ್ದು ಎಂ.ಎ. ಓದಲು ಮೈಸೂರಿಗೆ ಹೊರಟಾಗ. ಬಟ್ಟೆಯ ಗಂಟಿನ ನಡುವೆ ಅದನ್ನಿಟ್ಟು, "ಇದು ನಿಂದು" ಎಂದಳು. ಮೂಳೆ ಬೆರೆತಿದೆಯೆಂದು ಮನೆಯೆಲ್ಲ ನಂಬಿದ್ದ ತಟ್ಟೆಯನ್ನು ಅವಳು ನಾವು ಉಣ್ಣುವ ರಾಗಿಯಲ್ಲಿ ಹನ್ನೆರಡು ವರ್ಷ ಕಾಪಾಡಿದ್ದಳು. ಆಗ ಕೇಳಬೇಕಿತ್ತು. ಬಸ್ಸಿಗೆ ಹೊತ್ತಾಯಿತು ಎಂದೆ.

ಆ ಒಂದು ತಟ್ಟೆಯಿಂದ ನನ್ನ ಸಂಗ್ರಹ ಶುರುವಾಯಿತು. ಈಗ ನನ್ನ ಮನೆಯ ಎರಡು ಗೋಡೆಗಳ ತುಂಬ ನೀಲಿ, ಕಂದು, ಹಸಿರು ತಟ್ಟೆಗಳಿವೆ. ಬಂದವರು ಮೆಚ್ಚಿದರೆ ಅಂಚು ಕೂಡುವ ಜಾಗ ತೋರಿಸಿ ವಿವರಿಸುತ್ತೇನೆ, ಅತ್ತೆಯ ಮಾತನ್ನೇ, ಅವಳ ಹೆಸರು ಹೇಳದೆ. ನೌಕರಿಯ ಮೊದಲ ವರ್ಷಗಳಲ್ಲಿ ಒಬ್ಬ ಹಳೆ ಸಾಮಾನಿನ ವ್ಯಾಪಾರಿ ಎರಡು ತಟ್ಟೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದ. ಮೂಳೆಯ ಬೂದಿ ಬೆರೆಸಿದ್ದರಲ್ಲಿ ಹಿಂದಿನ ಬೆರಳಿನ ನೆರಳು ಕಾಣುತ್ತದೆ. ನನ್ನ ಬಗೆಯ ತಟ್ಟೆಯಲ್ಲಿ ಕಾಣುವುದಿಲ್ಲ. "ಇದ್ರಲ್ಲಿ ಮೂಳೆ ಎಲ್ಲಿಂದ ಬರ್ಬೇಕು ಮೇಡಂ? ಇದು ಬರೀ ಮಣ್ಣು, ಕಲ್ಲಿನ ಪುಡಿ." ನಮ್ಮ ತಿಪ್ಪೆಗೆ ಹೋದ ಮಡಕೆಗಳ ಹಾಗೆಯೇ ಮಣ್ಣು. ನಾನು ಆ ಭಾನುವಾರವೇ ನಂಜನಗೂಡಿಗೆ ಓಡಿದೆ. ತೀರ್ಪು ರದ್ದಾಯಿತು, ನೀನು ನಿರಪರಾಧಿ ಎಂದು ಸುದ್ದಿ ತರುವ ವಕೀಲಳಂತೆ ಹೋದೆ. ಅತ್ತೆ ಹೀರೇಕಾಯಿ ಹೆರೆಯುತ್ತ ಕೇಳಿಸಿಕೊಂಡಳು.

"ಅಂದ್ರೆ, ಮೂಳೆ ಇದ್ದಿದ್ರೆ ನನ್ನ ಓಡ್ಸಿದ್ದು ಸರಿ ಅಂತಲಾ?"

ನಾನು ಅಷ್ಟು ದೂರ ಹೋದದ್ದು ತಟ್ಟೆಯ ನಿಜ ಹೇಳಿ ನನ್ನ ನಿಜವನ್ನು ಹಾಗೆಯೇ ವಾಪಸ್ಸು ತರುವುದಕ್ಕೆ ಎಂದು ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು.

ಇನ್ನು ಹೇಳಬೇಕಾದದ್ದು ನಡೆದದ್ದು ಹೋದ ಮಾಘದಲ್ಲಿ. ಅತ್ತೆಗೆ ಈಗ ಎಂಬತ್ತಮೂರು. ದೇವಸ್ಥಾನದ ಹಿಂದಿನ ಗಲ್ಲಿಯಲ್ಲಿ ಎರಡು ಕೋಣೆಯ ಮನೆ. ಹಾಸ್ಟೆಲಿನಲ್ಲಿ ಅವಳ ಕೈ ಊಟ ಉಂಡು ನರ್ಸ್ ಆದವಳೊಬ್ಬಳು ಪಕ್ಕದಲ್ಲೇ ಇದ್ದು ನೋಡಿಕೊಳ್ಳುತ್ತಾಳೆ. ನಾನು ಹೋದಾಗ ಟ್ರಂಕು ಮಂಚದ ಮೇಲಿತ್ತು. ಹತ್ತೊಂಬತ್ತು ತಟ್ಟೆಗಳಲ್ಲಿ ಏಳನ್ನು ಆಗಲೇ ಪೇಪರಿನಲ್ಲಿ ಸುತ್ತಿದ್ದಳು.

"ತಕ್ಕಂಡೋಗು. ಕಣ್ಣು ಮಂಜಾಯ್ತದೆ, ಇನ್ ಯಾವತ್ತು ನೋಡ್ತೀನಿ ಇವ್ನ?"

"ಇರ್ಲಿ ಬಿಡು ಅತ್ತೆ, ಈಗೇನು ಅವಸರ."

"ಇನ್ಯಾರ್ಗೆ ಕೊಡ್ಲಿ? ಆ ಮನೇಲಿ ನನ್ನ ಬುಟ್ಕೊಡದೆ ಇದ್ದೋಳು ನೀನೊಬ್ಳೇ."

ಆ ತಟ್ಟೆಗಳ ಮೇಲೆ ನನಗೆ ನಲವತ್ತು ವರ್ಷಗಳ ಆಸೆ. ಸಂಗ್ರಹ ಮಾಡುವವರಿಗೆ ಮಾತ್ರ ಅರ್ಥವಾಗುವ ನಾಚಿಕೆಗೆಟ್ಟ ಆಸೆ ಅದು. ಅವಳ ಸೇತುವೆಯ ತಟ್ಟೆಗೆ ನನ್ನ ಗೋಡೆಯಲ್ಲಿ ಜಾಗ ಎಲ್ಲಿ ಎಂಬುದೂ ನನಗೆ ಗೊತ್ತಿತ್ತು. ಅವಳು ಹಾಗೆಂದಾಗ ನನ್ನೊಳಗೆ ಮೊದಲು ಬಂದ ಯೋಚನೆ ತಪ್ಪೊಪ್ಪಿಗೆಯದಲ್ಲ. ಮೊದಲು ಕಾರಿಗೆ ಇಟ್ಟುಕೊಂಡು, ಆಮೇಲೆ ಯಾವಾಗಲಾದರೂ ಹೇಳಿದರಾಯಿತು ಎಂಬುದು. ಇದನ್ನು ಬರೆಯದೆ ಉಳಿದದ್ದನ್ನು ಬರೆಯುವುದರಲ್ಲಿ ಅರ್ಥವಿಲ್ಲ. ಎಂಟನೆಯ ತಟ್ಟೆ ಸುತ್ತಲು ಪೇಪರು ಹರಿದು ಕೊಟ್ಟೆ. ಒಂಬತ್ತನೆಯದಕ್ಕೂ ಕೊಟ್ಟೆ.

"ಅತ್ತೆ," ಎಂದೆ. "ಅಜ್ಜಿಗೆ ಹೇಳಿದ್ದು ಅವ್ವ ಅಲ್ಲ. ನಾನು."

ಅವಳ ಕೈ ನಿಲ್ಲಲಿಲ್ಲ. ಸುತ್ತುವುದನ್ನು ಪೂರ್ತಿ ಮಾಡಿ, ದಾರ ಬಿಗಿದು, ಗಂಟು ಹಾಕಿದಳು.

"ನೀನೂ ಉಂಡಿದ್ಯಲ್ಲೆ."

"ಉಂಡಿಲ್ಲ ಅಂತ ಹೇಳ್ದೆ."

"ನಿಮ್ಮವ್ವನಿಗೆ ಗೊತ್ತಿತ್ತಾ?"

"ಗೊತ್ತಿತ್ತು ಅನ್ಸುತ್ತೆ. ಅಂಗಳದಲ್ಲೇ ಇದ್ಳು. ನಾನು ಯಾವತ್ತೂ ಕೇಳ್ಲಿಲ್ಲ."

ಅವಳು ನನ್ನ ಕಡೆ ನೋಡದೆ, ಬೇರೆ ಯಾರಿಗೋ ಹೇಳುವಂತೆ ಹೇಳಿದಳು:

"ಅವ್ಳು ಸತ್ತಾಗ ನರಸೀಪುರದ ಗಂಟ ಬಂದಿದ್ದೆ. ಊವಿನ ಆರ ತಕ್ಕಂಡಿದ್ದೆ. ಊರಿನ್ ಬಸ್ ಬಂತು, ಅತ್ಲಿಲ್ಲ. ಇನ್ನೊಂದು ಬಂತು, ಅತ್ಲಿಲ್ಲ. ಆ ಆರ ಅಲ್ಲೇ ಬೆಂಚಿನ್ ಮೇಲ್ ಬುಟ್ಟು ಬಂದೆ."

ನನಗೆ ಇದು ಗೊತ್ತಿರಲಿಲ್ಲ. ಬಾರದೆ ಇದ್ದದ್ದು ಗೊತ್ತಿತ್ತು, ಅಷ್ಟು ಹತ್ತಿರ ಬಂದಿದ್ದು ಗೊತ್ತಿರಲಿಲ್ಲ. ನಾನು ಅವಳ ಕಾಲು ಮುಟ್ಟಲು ಬಾಗಿದೆ. ಅವಳು ಕಾಲನ್ನು ಮಂಚದ ಕೆಳಕ್ಕೆ ಎಳೆದುಕೊಂಡಳು.

"ಇಷ್ಟ್ ವರ್ಷ ಬಾಯಿ ಮುಚ್ಕಂಡಿದ್ದೋಳು ಈಗ್ಯಾಕ್ ಬುಟ್ಟೆ? ನಿನ್ ಮನ್ಸು ಅಗುರ ಮಾಡ್ಕಳಕ್ಕಾ?"

"ಗೊತ್ತಿಲ್ಲ."

"ಆಯ್ತಾ ಅಗುರ?"

"ಇಲ್ಲ."

"ಸದ್ಯ. ಆಗಿದ್ರೆ ಕಪಾಳಕ್ಕೆ ಎಲ್ಡು ಬುಡ್ತಿದ್ದೆ."

ಒಂಬತ್ತು ತಟ್ಟೆಗಳ ದಾರವನ್ನೂ ಬಿಚ್ಚಿದಳು. ಪೇಪರನ್ನು ಮಡಿಸಿ ಪಕ್ಕಕ್ಕಿಟ್ಟು, ತಟ್ಟೆಗಳನ್ನು ಒಂದೊಂದಾಗಿ ಹುಲ್ಲಿನಲ್ಲಿ ಮಲಗಿಸಿ, ಟ್ರಂಕು ಮುಚ್ಚಿದಳು. ಅದನ್ನು ಮಂಚದಿಂದ ಇಳಿಸಲು ನಾನು ಕೈ ಹಾಕಿದೆ. ಬೇಡ ಎನ್ನಲಿಲ್ಲ. ಕೆಳಗಿಟ್ಟ ಮೇಲೆ ಕಾಲಿನಿಂದ ತಾನೇ ಒಳಕ್ಕೆ ನೂಕಿದಳು.

"ನಾಳೆ ಬೆಳಗಾಗ್ತಲೂ ಕಾರ್ ತಕ್ಕಂಡ್ ಬಾ. ಊರಿಗೆ ಓಗ್ಬೇಕು."

ಮರುದಿನ ನರಸೀಪುರದ ಸೇತುವೆಯ ಮೇಲೆ ಬಂದಾಗ ಅವಳು ನೀರು ನೋಡಲು ಕುತ್ತಿಗೆ ಚಾಚಿದಳು, ಅಷ್ಟೆ. ಅಪ್ಪನನ್ನೂ ಅವ್ವನನ್ನೂ ಮಣ್ಣು ಮಾಡಿರುವುದು ನಮ್ಮದೇ ಹೊಲದ ಮೂಲೆಯಲ್ಲಿ, ಎರಡು ಗದ್ದುಗೆ ಅಕ್ಕಪಕ್ಕ. ರಸ್ತೆಯಿಂದ ನೂರು ಮಾರು ಬದುವಿನ ಮೇಲೆ ನಡೆಯಬೇಕು. ಕಾರು ನಿಲ್ಲಿಸಿ, ಇಳಿದು, ಅವಳ ತೋಳು ಹಿಡಿದೆ. ಬಿಡಿಸಿಕೊಂಡಳು.

"ಬದು ಒದ್ದೆ ಇದೆ ಅತ್ತೆ. ಜಾರ್ತೀಯ."

"ನೀ ಇಲ್ಲೇ ಇರು. ಇದು ನಮ್ಮಿಬ್ರುದು."

ಕೋಲೂರಿಕೊಂಡು ಹೋದಳು. ಎರಡು ಸಲ ನಿಂತಳು, ಒಂದು ಸಲ ಜಾರಿದಳು. ನಾನು ಓಡಲು ಹೆಜ್ಜೆ ಇಟ್ಟಾಗ ತಿರುಗಿ ನೋಡದೆಯೇ ಕೋಲನ್ನು ಮೇಲೆತ್ತಿದಳು. ಬಲಗಡೆಯ, ಅವ್ವನ ಗದ್ದುಗೆಯ ಹತ್ತಿರ ಹೋಗಿ, ನಿಂತು, ಬಹಳ ಕಷ್ಟಪಟ್ಟು ನೆಲಕ್ಕೆ ಕೂತಳು. ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಮಾತಾಡತೊಡಗಿದಳು. ದನಿ ನನ್ನವರೆಗೆ ಬರಲಿಲ್ಲ, ಕೈ ಮಾತ್ರ ಕಾಣುತ್ತಿತ್ತು. ಕೈ ಜಗಳಕ್ಕೆ ಏಳುವಂತೆ ಎದ್ದಿತು, ಬಿತ್ತು, ಗದ್ದುಗೆಯ ಮೇಲಿನ ಹುಲ್ಲು ಕಿತ್ತು ಪಕ್ಕಕ್ಕೆಸೆಯಿತು, ಮತ್ತೆ ಎದ್ದಿತು. ನಡುವೆ ಒಮ್ಮೆ ಸುಮ್ಮನಾಗಿ ತಲೆ ವಾಲಿಸಿ, ಆ ಕಡೆಯವರು ಹೇಳುವುದನ್ನು ಕೇಳುವವಳಂತೆ ಕೂತಳು. ಬಿಸಿಲು ಏರಿತು. ನಾನು ಕಾರಿನ ನೆರಳಿನಲ್ಲಿ ನಿಂತೆ, ನೆರಳು ಸರಿದಂತೆ ಸರಿದೆ. ನನ್ನ ವಿಷಯವನ್ನು ಏನೆಂದು ಹೇಳುತ್ತಿದ್ದಾಳೋ, ಅವ್ವನ ಎದುರು ನನ್ನನ್ನು ಯಾವ ಮಾತುಗಳಲ್ಲಿ ನಿಲ್ಲಿಸುತ್ತಿದ್ದಾಳೋ ಎಂದು ಆ ಹೊತ್ತೆಲ್ಲ ಊಹಿಸುತ್ತಿದ್ದೆ. ನನ್ನ ಪರವಾಗಿಯೂ ವಿರುದ್ಧವಾಗಿಯೂ ವಾಕ್ಯಗಳನ್ನು ಕಟ್ಟಿದೆ.

ಅವಳು ವಾಪಸ್ಸು ಬಂದಾಗ ಸೀರೆಯ ಹಿಂಬದಿ ಮಣ್ಣಾಗಿತ್ತು. ನಾನು ಬಾಗಿಲು ತೆಗೆದೆ. ಕೂತು, ಕೋಲನ್ನು ಕಾಲ ನಡುವೆ ನಿಲ್ಲಿಸಿಕೊಂಡು, ನೀರು ಕೇಳಿದಳು. ಕುಡಿದು ಬಾಯಿ ಒರೆಸಿಕೊಂಡಳು. ನಾನು ಕಾರು ಚಾಲೂ ಮಾಡದೆ ಕೂತಿರುವುದನ್ನು ಸ್ವಲ್ಪ ಹೊತ್ತು ನೋಡಿ ಹೇಳಿದಳು:

"ನಿನ್ ಇಚಾರ ಎತ್ಲೇ ಇಲ್ಲ ಕಣೆ. ನಮ್ಗೇ ಮಾತಾಡಕ್ಕೆ ಬೇಕಾದಷ್ಟಿತ್ತು. ನಡಿ."